ಕತ್ತರಿಸಿದ ನಾಲ್ಕು ನಿಮಿಷ

ಚಾಮರಾಜಪೇಟೆಯ ವಿಶ್ವಾರಾಧ್ಯರು ಇಪ್ಪತ್ತು ವರ್ಷ ಸಿನಿಮಾ ಎಡಿಟರ್ ಆಗಿದ್ದವರು. ೨೦೦೩ರಲ್ಲಿ, ಮೂವರು ಸೂಪರ್‌ಹೀರೋಗಳು ಒಂದಾಗಿ ಊರು ಉಳಿಸುವ ಚಿತ್ರವೊಂದು ಅವರ ಕೈಗೆ ಬಂತು. ಒಬ್ಬೊಬ್ಬರಾಗಿ ಹೋರಾಡಿ ಸೋತುಬಂದ ಆ ಮೂವರೂ ಮಾವಳ್ಳಿಯ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ, ತಮ್ಮಿಂದ ಏನೇನು ಆಗುವುದಿಲ್ಲವೆಂದು ನಾಚಿಕೊಂಡೇ ಹೇಳಿಕೊಳ್ಳುವ ನಾಲ್ಕು ನಿಮಿಷದ ದೃಶ್ಯ ಅವರಿಗೆ ತುಂಬ ಹಿಡಿಸಿತ್ತು.

“ಇದ್ರಲ್ಲಿ ಫೈಟೇ ಇಲ್ವಲ್ಲ, ತೆಗೆದುಬಿಡಿ,” ಎಂದರು ನಿರ್ಮಾಪಕರು. ವಿಶ್ವಾರಾಧ್ಯರು ಮರುಮಾತಾಡದೆ ತೆಗೆದರು.

ಚಿತ್ರ ಬಿಡುಗಡೆಯಾದ ದಿನ ಹೆಂಡತಿ ಕಲ್ಯಾಣಮ್ಮನವರನ್ನು ಮ್ಯಾಟಿನಿಗೆ ಕರೆದುಕೊಂಡು ಹೋದರು. ಇಂಟರ್‌ವಲ್‌ನಲ್ಲಿ ಆಕೆ ಮೆಲ್ಲಗೆ ಕೇಳಿದರು: “ಅಲ್ರೀ, ಒಬ್ಬೊಬ್ರೂ ಇಷ್ಟು ಗಟ್ಟಿಗರು. ಮತ್ಯಾಕೆ ಒಟ್ಟಿಗೆ ಸೇರಿದ್ರು ಇವ್ರು?”

“ಅದಕ್ಕೊಂದು ಸೀನ್ ಇತ್ತು ಕಣೆ. ನಿರ್ಮಾಪಕರು ತೆಗೀರಿ ಅಂದ್ರು, ನಾನೇ ಕತ್ತರಿಸಿದೆ.”

“ಬೇಡ ಅಂತ ಹೇಳ್ಲಿಲ್ವಾ?”

“ಇಲ್ಲ.”



ಚಿತ್ರ ಎರಡನೇ ವಾರ ಕಾಣಲಿಲ್ಲ. ಆ ತುಣುಕನ್ನಾದರೂ ತಂದಿಟ್ಟುಕೊಳ್ಳೋಣವೆಂದು ವಿಶ್ವಾರಾಧ್ಯರು ಹುಡುಕಿಕೊಂಡು ಹೋದರೆ, ಅದು ರದ್ದಿಯ ಜೊತೆ ಹೋಗಿಬಿಟ್ಟಿತ್ತು. ಮುಂದೆ ಕೆಲಸ ಕಲಿಯಲು ಬಂದವರಿಗೆಲ್ಲ ಅವರು ಆ ದೃಶ್ಯದ ಒಂದೊಂದು ಮಾತನ್ನೂ ಬಿಡದೆ ಹೇಳುತ್ತಿದ್ದರು. ಆದರೆ ಆ ದಿನ ನಿರ್ಮಾಪಕರ ಎದುರು ಒಂದು ಸಲವಾದರೂ ಬಾಯಿ ಬಿಡಬೇಕಿತ್ತು ಎಂಬ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ.