ಹೊಗೆ ತೂರಾನ್

ತೂರಾನ್ ಅಂದರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಈ ಯದುಲ್ಲಾ ಬಣ್ಣ ಬದಲಾಯಿಸಿದ ಅನ್ನಬೇಡಿ. ಇಸ್ಫಹಾನಿನ ನಮ್ಮ ಅಂಗಡಿಯಲ್ಲಿ ನಲವತ್ತೊಂದು ವರ್ಷದಿಂದ ಬಟ್ಟೆಗೆ ಅಚ್ಚು ಹೊಡೆಯುತ್ತಿದ್ದೇನೆ. ಅವಳ ಅಪ್ಪ ಹೈಬತುಲ್ಲಾ, ನಮ್ಮೆಲ್ಲರ ಉಸ್ತಾ ಅಂದರೆ ಗುರು, ಮರದಲ್ಲಿ ಅಚ್ಚು ಕೆತ್ತುವವನು, ಅದನ್ನು ಬಣ್ಣದಲ್ಲಿ ಅದ್ದಿ ಬಟ್ಟೆಯ ಮೇಲಿಟ್ಟು ಗುದ್ದುವವನು ನಾನು. ಅಂಗಡಿ ನಡೆಯಲು ಇಷ್ಟು ಸಾಕಾಗಿತ್ತು. ಆಗ ನಡುವೆ ಮೂಗು ತೂರಿಸಿದವಳು ಇವಳು.

ಆಗ ಅವಳಿಗೆ ನಲವತ್ಮೂರು. ಗಂಡನನ್ನು ಬಿಟ್ಟು ಬಂದಿದ್ದಳು. ಹುಡುಗಿಯರ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆದಿಡುವ ಕೆಲಸ. ನಾಲಿಗೆ ಮಾತ್ರ ಅಪ್ಪನದೇ, ಇನ್ನಷ್ಟು ಮಸೆದದ್ದು. ಯಾರೋ ಹವ್ಯಾಸಕ್ಕೆ ಇಟ್ಟುಕೊಂಡಿದ್ದ ಚಿಕ್ಕ ಸಿಎನ್‌ಸಿ ಯಂತ್ರವನ್ನು ಮನೆಗೆ ತಂದಳು. ಮೇಜಿನ ಮೇಲೆ ಕೂರುವ ಯಂತ್ರ, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಾಡಿ ಕೊರೆಯುತ್ತದೆ. ಅದರ ಮೊನೆ ಸಣ್ಣ ಗೆರೆಗಳನ್ನು ಕಿತ್ತುಹಾಕುತ್ತದೆಂದು ಮೋಟಾರು ಬಿಚ್ಚಿ, ಆ ಜಾಗಕ್ಕೆ ಐದು ವ್ಯಾಟಿನ ನೀಲಿ ಲೇಸರ್ ಕಟ್ಟಿದಳು. ಹೊಗೆ ಊದಿ ಸರಿಸಲು ಮೀನಿನ ತೊಟ್ಟಿಯ ಪಂಪು, ಕಣ್ಣಿಗೆ ಕಿತ್ತಳೆ ಬಣ್ಣದ ಕನ್ನಡಕ. ಪಿಯರ್ ಮರ ಸುಟ್ಟ ವಾಸನೆ ಓಣಿಯೆಲ್ಲ ಹಬ್ಬಿ, ಎರಡು ಸಲ ಅಗ್ನಿಶಾಮಕದವರು ಬಂದು ಬೈದು ಹೋದರು. ಹೊಗೆ ತೂರಾನ್ ಎಂಬ ಹೆಸರು ಬಿತ್ತು. ಇಟ್ಟವನು ನಾನೇ.

ಅವಳ ಹಟಕ್ಕೆ ಕಾರಣವಿತ್ತು. ತಲೆ ಬಾಗಿದ ಸರ್ವ್, ಅಂದರೆ ಸೈಪ್ರೆಸ್ ಮರಗಳ ಅಂಚು ಹೈಬತುಲ್ಲಾ ಹರೆಯದಲ್ಲಿ ಕೆತ್ತಿದ್ದು, ಅವನ ಕೆಲಸದಲ್ಲೆಲ್ಲ ಅದೇ ಮೇಲು. ಅದಕ್ಕೆ ನಾಲ್ಕು ಅಚ್ಚು. ಮೊದಲು ಕಪ್ಪು ಗೆರೆ, ಆಮೇಲೆ ಆ ಗೆರೆಯೊಳಗೆ ಕೆಂಪು, ನೀಲಿ, ಹಳದಿ. ಕಪ್ಪಿನ ಅಚ್ಚು ನನ್ನ ಕೈಯಲ್ಲೇ ಸೀಳಿತು. ಕಪ್ಪಿಲ್ಲದಿದ್ದರೆ ಉಳಿದ ಮೂರು ಸೌದೆಗೆ ಸಮ. ಹೈಬತುಲ್ಲಾ ಹೊಸದನ್ನು ಕೆತ್ತಲು ಕೂತ. ಮೂರು ಸಲ ಕೆತ್ತಿದ, ಮೂರನ್ನೂ ಯಾರಿಗೂ ತೋರಿಸದೆ ಗೂಡಿಗೆ ತುರುಕಿದ. ಒಮ್ಮೆ ಮರ ಸರಿಯಿಲ್ಲ ಅಂದ, ಇನ್ನೊಮ್ಮೆ ಬೆಳಕು ಸರಿಯಿಲ್ಲ ಅಂದ. ಎರಡು ವರ್ಷದಿಂದ ಅವನ ಚಹಾ ಲೋಟದಿಂದ ತುಳುಕುವುದನ್ನು ನಾನು ನೋಡುತ್ತಿದ್ದೆ, ನೋಡಿಯೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪನ ಅಂಚು ಉಳಿಯಬೇಕು ಎಂಬುದು ಅವಳ ಹಟ. ಯಂತ್ರದ ಅಚ್ಚು ಅಂಗಡಿಯ ಹೊಸ್ತಿಲು ದಾಟಬಾರದು ಎಂಬುದು ಅವನದು.

ನಮ್ಮ ಅಂಗಡಿಯಲ್ಲಿ ಹೊಸ ಅಚ್ಚಿಗೆ ನಲವತ್ತು ಏಟಿನ ಪರೀಕ್ಷೆ. ಕೆತ್ತಿದವರ ಎದುರಿಗೇ ಹೊಡೆಯಬೇಕು. ಒಂದು ಗೆರೆ ಉದುರಿದರೂ, ಕೆತ್ತಿದವರು ತಮ್ಮ ಕೈಯಾರೆ ಅದನ್ನು ಬಣ್ಣ ಕುದಿಸುವ ಒಲೆಗೆ ಹಾಕಬೇಕು. ತೂರಾನ್ ತಂದ ಮೊದಲ ಅಚ್ಚು ಒಂಬತ್ತನೇ ಏಟಿಗೆ ಹೋಯಿತು.

"ನೋಡಿದ್ಯಾ?" ಹೈಬತುಲ್ಲಾ ಪೂಲಕಿ ಮಿಠಾಯಿ ಕಡಿಯುತ್ತ ಅಂದ. "ಸೀದ ರೊಟ್ಟಿ ಉದುರಿದ ಹಾಗೆ ಉದುರ್ತಿದೆ. ಹಾಕು ಒಲೆಗೆ. ಅರ್ಧ ಹೇಗೂ ಮನೇಲೇ ಸುಟ್ಕೊಂಡು ಬಂದಿದೀಯ."

"ಚಿಕ್ಕಪ್ಪ ನನ್ನ ಅಚ್ಚಿಗೆ ಕತ್ತೆಗೆ ಬಡಿದ ಹಾಗೆ ಬಡೀತಾರೆ," ಅಂದಳು ತೂರಾನ್. ಚಿಕ್ಕಂದಿನಿಂದ ಅವಳಿಗೆ ನಾನು ಚಿಕ್ಕಪ್ಪ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಅವಳು ಹೇಳಿದ್ದು ನಿಜ. ಬೇರೆ ಅಚ್ಚಿಗೆ ಹೊಡೆಯುವುದಕ್ಕಿಂತ ಜೋರಾಗಿಯೇ ಹೊಡೆದಿದ್ದೆ. ನಲವತ್ತೊಂದು ವರ್ಷ ಗುದ್ದಿ ಗುದ್ದಿ ನನ್ನ ಅಂಗೈ ಅಂಚು ಕೊರಡಾಗಿದೆ. ಇವಳು ಕನ್ನಡಕ ಹಾಕಿ ಗುಂಡಿ ಒತ್ತಿ ಕಸುಬುಗಾರ್ತಿ ಆಗಿಬಿಡುವುದೇ? ನನಗೆ ಹೊಟ್ಟೆ ಉರಿಯುತ್ತಿತ್ತು, ಹೊಡೆದೆ.

ಆ ಬಡ ಲೇಸರಿಗೆ ಒಂದು ಸಲಕ್ಕೆ ಕಾಗದದಷ್ಟು ಆಳ ಸುಡುವುದೇ ಹೆಚ್ಚು. ಒಂದು ಅಚ್ಚಿಗೆ ಅದೇ ದಾರಿಯಲ್ಲಿ ಹತ್ತಾರು ಸಲ ಓಡಾಡಬೇಕು, ಪ್ರತಿ ಸಲವೂ ಅವಳು ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ತಿಕ್ಕಿ ತೆಗೆಯಬೇಕು. ಎರಡೆರಡು ರಜಾದಿನ ಒಂದೊಂದು ಅಚ್ಚಿಗೆ ಹೋಗುತ್ತಿತ್ತು. ಎರಡನೆಯದು ಬಟ್ಟೆಯ ಮೇಲೆ ಕಂದು ಮಸಿ ಬಿಟ್ಟಿತು. ಮೂರನೆಯದರಲ್ಲಿ ಆಳ ಸಾಲದೆ ಬಣ್ಣ ತುಂಬಿಕೊಂಡು ಮರಗಳೆಲ್ಲ ಮುದ್ದೆಯಾದವು. ನಾಲ್ಕು, ಐದು ಮತ್ತೆ ಉದುರಿದವು. ಐದನ್ನೂ ಅವಳೇ ಒಲೆಗೆ ಹಾಕಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಯಾಕೆ ಉದುರುತ್ತಿದೆ ಎಂದು ಹೈಬತುಲ್ಲಾನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ಆಮೇಲೊಂದು ದಿನ ಅವಳು, ನನ್ನ ಕೈಯಲ್ಲಿ ಸೀಳಿದ್ದ ಅಪ್ಪನ ಹಳೆಯ ಅಚ್ಚನ್ನು ತೆಗೆದು, ನಮ್ಮ ಕಣ್ಣೆದುರೇ ಗರಗಸದಿಂದ ಅಡ್ಡ ಕೊಯ್ದಳು.

"ಪಾಪಿ!" ಹೈಬತುಲ್ಲಾ ಎದ್ದು ನಿಂತ. "ಇನ್ನೂ ಬದುಕಿರೋವಾಗಲೇ ನನ್ನ ಹೆಣ ಕೊಯ್ತೀಯಾ?"

"ಬದುಕಿರೋನು ಬಾಯಿ ಬಿಟ್ಟು ಹೇಳ್ತಿಲ್ಲವಲ್ಲ. ಸತ್ತಿರೋದನ್ನೇ ಕೇಳ್ತಿದೀನಿ."

ಕೊಯ್ದ ಮುಖವನ್ನು ಕಿಟಕಿಗೆ ಹಿಡಿದು ನೋಡಿದಳು. ಒಂದೊಂದು ಗೆರೆಯೂ ಮೇಲೆ ಸಣ್ಣ, ಕೆಳಗಿಳಿದಂತೆ ಅಗಲ. ಬುಡ ಅಗಲವಿದ್ದುದಕ್ಕೇ ಅದು ಲಕ್ಷ ಗುದ್ದು ತಿಂದಿತ್ತು. ಲೇಸರಿನ ಗೆರೆ ನೆಟ್ಟಗೆ ಗೋಡೆಯ ಹಾಗೆ ಇಳಿಯುತ್ತಿತ್ತು, ಗುದ್ದು ಬಿದ್ದರೆ ಬುಡದಲ್ಲೇ ಮುರಿಯುತ್ತಿತ್ತು. ಹೈಬತುಲ್ಲಾನ ಉಳಿ ಓರೆಯಾಗಿಯೇ ಇಳಿಯುತ್ತಿದ್ದುದರಿಂದ ಅವನು ಅದನ್ನು ಯಾರಿಗೂ ಬಾಯಲ್ಲಿ ಕಲಿಸಿದವನಲ್ಲ. ಅವಳು ನನ್ನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತು, ಅಲ್ವಾ ಚಿಕ್ಕಪ್ಪಾ?" ನಾನು ಬಣ್ಣದ ಬಟ್ಟಲು ತೊಳೆಯುತ್ತ ಕೂತೆ.

ಆರನೇ ಅಚ್ಚಿಗೆ ಅವಳು ಯಂತ್ರದ ಲೆಕ್ಕ ಬದಲಿಸಿದಳು. ಒಂದೊಂದು ಸಲ ಓಡಿದಾಗಲೂ ಬೆಳಕು ಗೆರೆಯಿಂದ ಒಂದು ಕೂದಲೆಳೆ ದೂರ ಸರಿಯಬೇಕು. ಆಗ ಆಳಕ್ಕೆ ಹೋದಂತೆ ಬುಡ ಅಗಲವಾಗಿ ಉಳಿಯುತ್ತದೆ. ತಿಂಗಳು ಹಿಡಿಯಿತು. ತಂದು ನನ್ನೆದುರು ಕುಕ್ಕಿದಳು.

"ಹೊಡೀರಿ. ಕತ್ತೆಗೆ ಹೊಡೆದ ಹಾಗೇ ಹೊಡೀರಿ."

ಹಾಗೇ ಹೊಡೆದೆ. ನಲವತ್ತು ಏಟು, ನಲವತ್ತು ಕಪ್ಪು ಮರ, ಒಂದು ಎಲೆಯೂ ಮುಕ್ಕಾಗಲಿಲ್ಲ. ಅಂಗಡಿಯ ಉಳಿದ ಇಬ್ಬರು ಅಚ್ಚಿನವರು ಕೆಲಸ ಬಿಟ್ಟು ಬಂದು ನಿಂತರು. ಒಬ್ಬ "ಭೇಷ್" ಅಂದೂಬಿಟ್ಟ.

ಹೈಬತುಲ್ಲಾ ಮೇಲೆದ್ದ. "ಇವನು ಮೆತ್ತಗೆ ಹೊಡೆದ. ಕೊಡಿಲ್ಲಿ. ನಾನು ಒಡೀತೀನಿ ಇದನ್ನ."

"ಬೇಡ ಉಸ್ತಾ," ಅಂದೆ. ಕೇಳಲಿಲ್ಲ. ಅಂಗೈಗೆ ದಪ್ಪ ಬಟ್ಟೆ ಸುತ್ತಿ, ಅಚ್ಚನ್ನು ಬಣ್ಣಕ್ಕೆ ಅದ್ದಿ, ಬಟ್ಟೆಯ ಮೇಲಿಟ್ಟು ಗುದ್ದಿದ. ಮುರಿಯಲಿಲ್ಲ. ಇನ್ನೂ ಜೋರಾಗಿ ಗುದ್ದಿದ. ಹತ್ತನೇ ಏಟಿಗೆ ಉಸಿರು ಸಾಲದೆ ನಿಂತ.

ಬಟ್ಟೆಯ ಮೇಲೆ ನನ್ನ ನಲವತ್ತು ಮರದ ಪಕ್ಕ ಅವನ ಹತ್ತು ಮರ. ಅವನ ಒಂದೊಂದು ಗೆರೆಯೂ ಎರಡೆರಡಾಗಿತ್ತು. ಅಚ್ಚು ಇಡುವಾಗಲೇ ಕೈ ನಡುಗಿ, ಬಟ್ಟೆಗೆ ಎರಡು ಸಲ ತಾಗಿತ್ತು. ಅಚ್ಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೇಷ್ ಅಂದವನು ನೆಲ ನೋಡಿದ.

ತೂರಾನ್ ಬಟ್ಟೆಯನ್ನು ನೋಡಿದಳು, ಅಪ್ಪನ ಕೈಯನ್ನು ನೋಡಿದಳು. ಆಮೇಲೆ ಅಚ್ಚನ್ನು ಎತ್ತಿಕೊಂಡು ಒಲೆಯ ಕಡೆ ಹೊರಟಳು.

"ತಳ ಸಮ ಇಲ್ಲ, ಅಲ್ಲಾಡ್ತಿದೆ. ನನ್ನದೇ ತಪ್ಪು. ಇದೂ ಕೆಟ್ಟುಹೋಯ್ತು."

ಒಂದು ತಿಂಗಳ ಕೆಲಸ. ಬಗ್ಗಿ ಒಲೆಯ ಬಾಯಿಗೆ ಹಿಡಿದೇಬಿಟ್ಟಿದ್ದಳು. ಹೈಬತುಲ್ಲಾ ಓಡಿ ಹೋಗಿ ಅವಳ ರಟ್ಟೆ ಹಿಡಿದು ಎಳೆದ.

"ಇಡು ಕೆಳಗೆ! ಅಚ್ಚಿನ ವಿಷಯದಲ್ಲಿ ಸುಳ್ಳು ಹೇಳೋಕೆ ಯಾರು ಕಲಿಸಿದ್ರು ನಿನಗೆ? ನಾನಂತೂ ಅಲ್ಲ."

"ಅಪ್ಪಾ, ಬಿಡು..."

"ಏನು ಬಿಡೋದು? ಅಚ್ಚು ಸರಿಯಾಗಿದೆ. ಕೆಟ್ಟಿರೋದು ನನ್ನ ಕೈ. ಎರಡು ವರ್ಷ ಆಯ್ತು. ಎಲ್ಲರಿಗೂ ಕೇಳಿಸ್ತಾ? ಕೈ ಹೋಯ್ತು, ಸರಿ. ಅದರ ಮೇಲೆ ನಿನ್ನ ಕರುಣೆ ಬೇರೆ ತಿನ್ನಬೇಕಾ ನಾನು?"

ಅಚ್ಚನ್ನು ಅವಳ ಕೈಯಿಂದ ಕಿತ್ತು ನನ್ನ ಮೇಜಿನ ಮೇಲೆ ಕುಕ್ಕಿದ. "ಕೆಂಪು ತಗೋ ಯದುಲ್ಲಾ. ಬಾಯಿ ಬಿಟ್ಕೊಂಡು ಏನು ನೋಡ್ತೀಯ?"

ನಾನು ಅವನು ಕೆತ್ತಿದ ಕೆಂಪಿನ ಅಚ್ಚನ್ನು ಬಣ್ಣಕ್ಕೆ ಅದ್ದಿ, ಅವಳ ಕಪ್ಪು ಗೆರೆಯ ಮೇಲೆ ಹೊಡೆದೆ. ಎತ್ತಿ ನೋಡಿದರೆ ಎಳ್ಳಷ್ಟೂ ಆಚೀಚೆಯಾಗದೆ ಕೂತಿತ್ತು. "ಉಸ್ತಾ, ಬಂದು ನೋಡು," ಅಂದು ತಿರುಗಿದೆ. ಅವನು ಆಗಲೇ ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಿದ್ದ. ಲೇಸು ಕಟ್ಟಲು ಆಗುತ್ತಿರಲಿಲ್ಲ. ತೂರಾನ್ ಹೋಗಿ ಅವನ ಕಾಲ ಬಳಿ ಕೂತು ಕಟ್ಟಿದಳು. ಅಷ್ಟೂ ಹೊತ್ತು ಅವನು ಅವಳನ್ನು ಬೈಯುತ್ತಲೇ ಇದ್ದ.