ಹುಳದ ಮನೆಯಲ್ಲಿ ಮಲಗಿಸಿದ ನಾಯಿ

ಸೂಲಿಬೆಲೆ ಸುತ್ತಮುತ್ತ ರೇಷ್ಮೆ ಹುಳ ಸಾಕುವವರಿಗೆಲ್ಲ ಒಂದು ಜಂಬ ಇರುತ್ತದೆ, ನಮ್ಮ ಹುಳದ ಮನೆ ಆಸ್ಪತ್ರೆಗಿಂತ ಶುಚಿ ಅಂತ. ನನಗೆ ಆ ಜಂಬ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಇತ್ತು. ಕಾಲು ತೊಳೆಯದೆ ಹೊಸಿಲು ದಾಟಿದವರು ನೆಂಟರಾಗಲಿ, ರೇಷ್ಮೆ ಇಲಾಖೆಯವರಾಗಲಿ, ನನ್ನ ಬಾಯಿಂದ ಬೈಸಿಕೊಳ್ಳದೆ ಹೋದದ್ದಿಲ್ಲ. ಆ ಜಂಬದಿಂದಲೇ ನಾನೊಂದು ಜೀವವನ್ನು ಸಾವಿನ ಬಾಗಿಲ ತನಕ ಕರೆದುಕೊಂಡು ಹೋದೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ನಮ್ಮ ನಾಯಿ ಜಾತಿ ನಾಯಿಯೇನಲ್ಲ. ಕಂದು ಬಣ್ಣದ ಬೀದಿ ನಾಯಿ, ಮರಿಯಾಗಿದ್ದಾಗ ಕೊಟ್ಟಿಗೆಯ ಹುಲ್ಲಿನಲ್ಲಿ ಬಂದು ಸೇರಿಕೊಂಡದ್ದು. ನನ್ನ ಗಂಡ ಕೂಗಿದರೆ ಬಾಲ ಅಲ್ಲಾಡಿಸುತ್ತಿತ್ತು, ಅಷ್ಟೇ. ಎದ್ದು ಬರುತ್ತಿದ್ದದ್ದು ನಾನು ಕೂಗಿದರೆ ಮಾತ್ರ. ಒಂದು ದಿನ ಬೆಳಿಗ್ಗೆ ರಸ್ತೆ ಕೆಲಸಕ್ಕೆ ಜಲ್ಲಿ ತಂದಿದ್ದ ಟಿಪ್ಪರ್ ನಮ್ಮ ಮನೆ ಮುಂದೆ ಹಿಂದಕ್ಕೆ ಬಂತು. ನಾಯಿ ಅದರ ನೆರಳಲ್ಲಿ ಮಲಗಿತ್ತು. ಎಡಗಡೆಯ ಹಿಂಗಾಲು ಚಕ್ರದ ಕೆಳಗೆ ಹೋಯಿತು.

ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊಸಕೋಟೆಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಕಮ್ಮಿ. ಮೂಳೆ ಪುಡಿಯಾಗಿದೆ, ಕಾಲು ತೆಗೆಯಬೇಕು, ಅದೂ ತೊಡೆಯ ಹತ್ತಿರದಿಂದ ಅಂದಳು. ಜಜ್ಜಿರುವುದು ಪಾದ, ತೊಡೆ ಯಾಕೆ ಕತ್ತರಿಸುತ್ತೀರಿ ಎಂದು ನಾನು ಜಗಳಕ್ಕೇ ನಿಂತೆ. ಅರ್ಧ ಕಾಲು ಉಳಿಸಿದರೆ ನಾಯಿ ಅದನ್ನು ನೆಲಕ್ಕೆ ಊರಲು ಹೋಗಿ ಹೋಗಿ ಹುಣ್ಣು ಮಾಡಿಕೊಳ್ಳುತ್ತದೆ, ಆ ಕಾಲೇ ಇಲ್ಲದಿದ್ದರೆ ಮೂರೇ ಕಾಲಿನಲ್ಲಿ ನಡೆಯುವುದು ಕಲಿಯುತ್ತದೆ ಎಂದು ಅವಳು ತಾಳ್ಮೆಯಿಂದ ಹೇಳಿದಳು. ಸರಿ ಅಂದೆ.

ಮಾರನೆಯ ದಿನ ಮನೆಗೆ ತಂದಾಗ ಗಾಯ ನೆಕ್ಕದಿರಲೆಂದು ಅದರ ಕುತ್ತಿಗೆಗೆ ಪ್ಲಾಸ್ಟಿಕ್ ಕೊಳವೆ ಕಟ್ಟಿತ್ತು, ತೊಡೆ ಬೋಳಿಸಿತ್ತು, ಹೊಲಿಗೆ ಒಂದು ಗೇಣು ಉದ್ದ ಇತ್ತು. ನನ್ನ ಗಂಡ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಹಸು ಕರು ಹಾಕುವಾಗ ನರಳಿದರೂ ಎದ್ದು ಆಚೆ ಹೋಗುವವರು.

"ಒಂದ್ ಇಂಜೆಕ್ಷನ್ ಹಾಕ್ಸಿ ಮಲಗಿಸ್ಬಿಡೋಣ ಕಣೇ," ಅಂದರು. "ಇದು ನರಳೋದ್ನ ನನ್ ಕೈಲಿ ನೋಡಕ್ಕಾಗಲ್ಲ."

"ನೋಡಕ್ಕಾಗ್ದಿದ್ರೆ ಆ ಕಡೆ ತಿರುಕ್ಕೊಳ್ಳಿ. ನಾನ್ ನೋಡ್ಕೊತೀನಿ."

ನೋಡಿಕೊಳ್ಳುತ್ತೇನೆ ಅಂದೆನಲ್ಲ, ಎಲ್ಲಿ ಮಲಗಿಸುವುದು? ಕೊಟ್ಟಿಗೆಯ ತುಂಬ ನೊಣ. ಗಾಯದ ಮೇಲೆ ನೊಣ ಕೂತರೆ ಹುಳ ಬೀಳುತ್ತದೆ, ಹುಳ ಬಿದ್ದರೆ ಮುಗಿಯಿತು ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದಳು. ಮನೆಯೊಳಗೆ ಅತ್ತೆ ಬಿಡುವುದಿಲ್ಲ. ಉಳಿದದ್ದು ಹುಳದ ಮನೆ. ಊಜಿ ನೊಣ ಬಂದು ರೇಷ್ಮೆ ಹುಳದ ಮೇಲೆ ಮೊಟ್ಟೆ ಇಡಬಾರದೆಂದು ಅದರ ಕಿಟಕಿ ಬಾಗಿಲಿಗೆಲ್ಲ ಬಲೆ ಹೊಡೆದಿರುತ್ತೇವೆ. ಹಿಂದಿನ ಬೆಳೆಯ ಗೂಡು ಮಾರಿ, ತೊಳೆದು, ಔಷಧಿ ಹೊಡೆದು ಖಾಲಿ ಬಿಟ್ಟಿದ್ದೆವು. ಹೊಸ ಹುಳ ಬರಲು ಇನ್ನೂ ಹದಿನೆಂಟು ದಿನ ಇತ್ತು.

ಗಂಡ ಮೊದಲು ಒಪ್ಪಲೇ ಇಲ್ಲ. ಕೊನೆಗೆ ಎರಡು ಕರಾರು ಹಾಕಿದರು. ಹುಳ ಬರುವ ದಿನದೊಳಗೆ ನಾಯಿ ತಾನಾಗಿಯೇ ಎದ್ದು ಹೊಸಿಲು ದಾಟಿ ಆಚೆ ಬರಬೇಕು, ಬರದಿದ್ದರೆ ಇಂಜೆಕ್ಷನ್ನೇ. ಇನ್ನೊಂದು, ಒಳಗೆ ಯಾವ ಕೀಟನಾಶಕದ ಒಂದು ತೊಟ್ಟೂ ಬೀಳಬಾರದು. ಅದರ ವಾಸನೆ ಗೋಡೆಗೆ ಹಿಡಿದರೂ ರೇಷ್ಮೆ ಹುಳ ಸಾಯುತ್ತವೆ, ಅದು ನನಗೂ ಗೊತ್ತಿದ್ದದ್ದೇ. ಹಾಗಾಗಿ ನೊಣ ಬರದಂತೆ ಗಾಯದ ಸುತ್ತ ಹೊಡೆಯಲು ಡಾಕ್ಟರಮ್ಮ ಕೊಟ್ಟಿದ್ದ ಸ್ಪ್ರೇ ಡಬ್ಬಿಯನ್ನು ಅಡುಗೆಮನೆಯ ಅಟ್ಟಕ್ಕೆ ಎಸೆದೆ. ಅವಳಿಗೆ ಹೇಳಲಿಲ್ಲ.

ಅತ್ತೆ ಹುಳದ ಮನೆಯ ಬಾಗಿಲಿಗೆ ಬಂದು ಬಗ್ಗಿ ನೋಡಿ, ರಕ್ತ ಬಿದ್ದ ನೆಲದಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟುವುದಿಲ್ಲ ಎಂದು ಗೊಣಗಿಕೊಂಡು ಹೋದರು. ಮೂರು ದಿನ ಅದನ್ನೇ ಗೊಣಗಿದರು. ನಾಲಿಗೆ ಸುಮ್ಮನಿಟ್ಟುಕೊಳ್ಳಿ ಎಂದು ನಾನು ರೇಗಿದೆ. ಆದರೂ ಏನೋ ಕೆಟ್ಟದ್ದು ಒಳಗೆ ಬಂದು ಕೂತಿದೆ ಅನ್ನುವ ಅಳುಕು ನನಗೂ ಶುರುವಾಯಿತು. ಅಷ್ಟು ದೊಡ್ಡ ಖಾಲಿ ಮನೆ, ಎರಡೂ ಕಡೆ ಹುಳದ ಹಾಸಿಗೆಯ ಬರಿಯ ಅಂತಸ್ತುಗಳು, ನಡುವೆ ಗೋಣಿಚೀಲದ ಮೇಲೆ ಒಂದು ನಾಯಿ. ಬೊಗಳುತ್ತಿರಲಿಲ್ಲ. ನರಳುತ್ತಲೂ ಇರಲಿಲ್ಲ. ನಾನು ಹೋದಾಗ ಕಣ್ಣು ಮಾತ್ರ ತಿರುಗಿಸುತ್ತಿತ್ತು.

ಮಾಡುವುದನ್ನೆಲ್ಲ ಮಾಡಿದೆ. ರಾಗಿ ಮುದ್ದೆಯೊಳಗೆ ಮಾತ್ರೆ ಅಡಗಿಸಿ ತಿನ್ನಿಸಿದೆ. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿ ಹಿಡಿದು, ದಿನಕ್ಕೆ ನಾಲ್ಕು ಸಲ ಎರಡೆರಡು ಹೆಜ್ಜೆ ಹಾಕಿಸಿದೆ. ನುಣ್ಣನೆಯ ಸಿಮೆಂಟ್ ನೆಲದಲ್ಲಿ ಜಾರದಿರಲೆಂದು ಗೋಣಿ ಹಾಸಿದೆ. ಒಂದು ಮಧ್ಯಾಹ್ನ ಅದರ ಕಿವಿಗೆ ತುರಿಕೆ ಬಂತೋ ಏನೋ, ಇಲ್ಲದ ಕಾಲಿನಿಂದ ಕೆರೆದುಕೊಳ್ಳಲು ಹೋಯಿತು. ಹೊಲಿಗೆ ಹಾಕಿದ ತೊಡೆ ಟಕಟಕನೆ ಅದುರಿತು, ಕಿವಿಗೆ ಏನೂ ತಾಗಲಿಲ್ಲ. ಕೊರಳು ತಿರುಗಿಸಿ ಹಿಂದೆ ನೋಡಿಕೊಂಡಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಆಮೇಲೆ ನಾನೇ ಅದರ ಕಿವಿ ಕೆರೆದೆ.

ನಾಲ್ಕನೆಯ ದಿನ ಗೋಣಿಯ ಸುತ್ತ ಇರುವೆ ಸಾಲುಗಟ್ಟಿದವು. ಬಲೆಯ ಆಚೆಗೆ ನೊಣಗಳು ಬೇರೆ ಗುಂಯ್ ಅಂತ ಕೂತಿದ್ದವು, ಗಾಯದ ವಾಸನೆ ಹೊರಗೂ ಹೋಗಿತ್ತು. ಬಾಗಿಲು ತೆಗೆದು ಹಾಕುವಾಗ ಎರಡು ಮೂರು ಒಳಗೂ ನುಗ್ಗಿದವು. ಅಟ್ಟದ ಮೇಲಿನ ಸ್ಪ್ರೇ ನೆನಪಾಯಿತು, ಕರಾರೂ ನೆನಪಾಯಿತು. ಆಗ ನನ್ನ ಕೈ ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ತಾನಾಗಿಯೇ ಮೂಲೆಯ ಡಬ್ಬಕ್ಕೆ ಹೋಯಿತು. ಅದರಲ್ಲಿ ಸುಣ್ಣದ ಪುಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಇಟ್ಟಿರುತ್ತೇವೆ. ಹುಳದ ಮನೆಗೆ ರೋಗ ಬರದಂತೆ ನೆಲಕ್ಕೆ ಉದುರಿಸುವುದು ಅದನ್ನೇ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಗೋಣಿಯ ಸುತ್ತ ತಟ್ಟಿ ತಟ್ಟಿ ಬೆಳ್ಳಗೆ ಗೆರೆ ಎಳೆದೆ. ಇರುವೆ ಚದುರಿದವು. ಖುಷಿಯಾಗಿ ಗೋಣಿಯ ಅಂಚಿಗೂ ಒಂದಿಷ್ಟು ತಟ್ಟಿದೆ. ಅವತ್ತಿನಿಂದ ದಿನಾ ಬೆಳಿಗ್ಗೆ ತಟ್ಟಿದೆ.

ಆರನೆಯ ದಿನ ಗಾಯದ ಅಂಚು ಕೆಂಪಾಯಿತು. ನಾಯಿ ಸೀನತೊಡಗಿತು, ಕಣ್ಣಲ್ಲಿ ನೀರು. ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ. ಕೀವಾಗುವ ಲಕ್ಷಣ ಎಂದು ಅವಳು ಮಾತ್ರೆ ಬದಲಾಯಿಸಿದಳು. ಅರಿಶಿನ, ಎಣ್ಣೆ, ಬೂದಿ, ಏನಾದರೂ ಹಚ್ಚಿದ್ದೀರಾ ಎಂದು ಫೋನಿನಲ್ಲಿ ಕೇಳಿದಳು. ನನಗೆ ರೇಗಿತು. ನಾನೇನು ಅಷ್ಟು ಪೆದ್ದಿಯೇ? ಏನೂ ಹಚ್ಚಿಲ್ಲ ಅಂದೆ. ಆ ಹೊತ್ತಿಗೆ ಅದು ನಿಜವೆಂದೇ ನಂಬಿದ್ದೆ.

ಎಂಟನೆಯ ದಿನ ಗೋಣಿ ಬದಲಾಯಿಸಲು ನಾಯಿಯನ್ನು ಪಕ್ಕಕ್ಕೆ ಸರಿಸಿದೆ. ಅದು ಮೊದಲ ಸಲ ಕಿರುಚಿತು. ಮಲಗಿದಲ್ಲೇ ಉಚ್ಚೆ ಹೊಯ್ದಿತ್ತು, ಪಾಪ. ನೆನೆದ ಗೋಣಿಯ ಕೆಳಗೆಲ್ಲ ಸುಣ್ಣ ಕೆಸರಾಗಿತ್ತು, ಹೊಲಿಗೆಯ ಉದ್ದಕ್ಕೂ ಅದೇ ಬಿಳಿ ಕೆಸರು ಮೆತ್ತಿತ್ತು. ಒರೆಸಿದ ಕಡೆ ಚರ್ಮ ಬಿಳಿಚಿಕೊಂಡು ಮೇಲೆದ್ದು ಬಂತು. ಒರೆಸುತ್ತಿದ್ದ ನನ್ನ ಬೆರಳಿಗೆ ಕುಡುಗೋಲು ತಾಗಿ ಆಗಿದ್ದ ಗಾಯವೂ ಚುರುಚುರು ಉರಿಯಿತು. ಆಗ ನನಗೆ ತಿಳಿಯಿತು.

ತಿಳಿದ ಮೇಲೆ ಮಾಡಿದ್ದೇ ದೊಡ್ಡ ತಪ್ಪು. ನಾನು ಬಾಯಿ ಬಿಡಲಿಲ್ಲ. ಬಕೆಟ್ಟುಗಟ್ಟಲೆ ನೀರು ಹೊಯ್ದು ನೆಲವನ್ನೆಲ್ಲ ತೊಳೆದೆ, ಗೋಣಿಯನ್ನು ತೋಟದ ಆಚೆ ಸುಟ್ಟೆ, ಒದ್ದೆ ಬಟ್ಟೆಯಿಂದ ನಾಯಿಯ ಮೈ ಮೇಲಿಂದ ಮೇಲೆ ಒರೆಸಿದೆ. ಗಂಡ ಏನು ಅಷ್ಟು ತೊಳೆಯುತ್ತಿದ್ದೀಯ ಅಂದಾಗ ವಾಸನೆ ಅಂದೆ. ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ. ಇದರ ಪಾಡು ಸಾಕು, ಇಂಜೆಕ್ಷನ್ ಹಾಕಿಸೋಣ ಅನ್ನುತ್ತಿದ್ದರು. ನನಗೆ ಭಯ ಇದ್ದದ್ದು ಅದು. ಇನ್ನೊಂದು ಭಯವೂ ಇತ್ತು, ಅದನ್ನು ಹೇಳಲು ನಾಚಿಕೆ: ಹೋಬಳಿಗೇ ಹುಳದ ಮನೆಯ ಪಾಠ ಹೇಳುತ್ತಿದ್ದವಳು ನಾನು, ಸುಣ್ಣದಲ್ಲಿ ನಾಯಿ ಸುಟ್ಟಳು ಅನ್ನಿಸಿಕೊಳ್ಳಬೇಕಲ್ಲ.

ಎರಡು ದಿನ ಹೀಗೇ ಕಳೆಯಿತು. ಡಾಕ್ಟರಮ್ಮ ಬರೆದ ಹೊಸ ಮಾತ್ರೆಯನ್ನು, ಅದು ಈ ಗಾಯಕ್ಕಲ್ಲ ಎಂದು ಗೊತ್ತಿದ್ದೂ, ಮುದ್ದೆಯಲ್ಲಿಟ್ಟು ನಾನೇ ತಿನ್ನಿಸಿದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಬಲೆಗೆ ಕಿವಿಯಿಟ್ಟು ಉಸಿರು ಕೇಳಿಸುತ್ತದೆಯಾ ಎಂದು ನಿಲ್ಲುತ್ತಿದ್ದೆ. ನಾಯಿ ತಿನ್ನುವುದು ಬಿಟ್ಟಿತು. ಹತ್ತನೆಯ ದಿನ ಎರಡು ಹೊಲಿಗೆ ಬಿಟ್ಟುಕೊಂಡವು, ಒಳಗಿನ ಮಾಂಸ ಕಂಡಿತು.

ಗಂಡನೇ ಗೂಡ್ಸ್ ಆಟೋ ಕರೆದರು. ಹೊಸಕೋಟೆಯಲ್ಲಿ ಡಾಕ್ಟರಮ್ಮ ಮುಟ್ಟಿ ನೋಡಿ, ಚರ್ಮ ಸಾಯುತ್ತಿದೆ, ಯಾಕೆಂದು ನನಗೆ ಅರ್ಥವಾಗುತ್ತಿಲ್ಲ, ಇವತ್ತೇ ಮತ್ತೆ ಮತ್ತು ಕೊಟ್ಟು ಮೇಲಿನ ತನಕ ಕತ್ತರಿಸಬೇಕಾಗಬಹುದು ಅಂದಳು. ರಕ್ತ ಕಮ್ಮಿ ಇದೆ, ಎರಡನೆಯ ಸಲ ಮತ್ತು ಕೊಟ್ಟರೆ ಏಳುತ್ತದೆಂದು ಹೇಳಲಾರೆ ಅಂದಳು. ಗಂಡ ನನ್ನ ಮುಖ ನೋಡಿದರು. ಇನ್ನು ಬೇಡ ಎಂದು ಹೇಳಲು ಅವರು ಬಾಯಿ ತೆರೆಯುತ್ತಿದ್ದದ್ದು ನನಗೆ ಕಂಡಿತು.

"ಸುಣ್ಣ ಹಾಕಿದ್ದೀನಿ, ಡಾಕ್ಟ್ರಮ್ಮ," ಅಂದೆ. "ಗಾಯಕ್ಕಲ್ಲ, ನೆಲಕ್ಕೆ. ಸುಣ್ಣಕ್ಕೆ ಬ್ಲೀಚಿಂಗ್ ಪೌಡ್ರು ಸೇರ್ಸಿ. ನಿಮ್ ಸ್ಪ್ರೇ ಹೊಡ್ದೇ ಇಲ್ಲ."

"ಗೊತ್ತಾಗಿ ಎಷ್ಟ್ ದಿನ ಆಯ್ತಮ್ಮ?"

"ಎರಡ್ ದಿನ."

ಅವಳು ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕತ್ತರಿ ಕೆಳಗಿಟ್ಟು, ಸಲೈನ್ ಬಾಟಲಿ ಒಂದಾದ ಮೇಲೊಂದು ಒಡೆದು, ಅರ್ಧ ಗಂಟೆ ಆ ಗಾಯವನ್ನು ತೊಳೆದಳು. ಆಮೇಲೆ ಕೈ ಒರೆಸಿಕೊಳ್ಳುತ್ತಾ, ಇದು ಕೀವಲ್ಲ, ಸುಟ್ಟ ಗಾಯ, ಹಾಗಾದರೆ ಇವತ್ತು ಕತ್ತರಿಸುವುದು ಬೇಡ, ಸುಟ್ಟ ಗಾಯಕ್ಕೆ ಮಾಡುವ ಹಾಗೆ ದಿನಾ ಕಟ್ಟು ಬದಲಾಯಿಸಿ ನೋಡೋಣ ಅಂದಳು. ಉಳಿಯುತ್ತದೆ ಅನ್ನಲಿಲ್ಲ. ಕಟ್ಟುವ ಬಗೆಯನ್ನು ಅವಳು ತೋರಿಸಿದ್ದು ನನಗಲ್ಲ, ನನ್ನ ಗಂಡನಿಗೆ.

ದಾರಿಯುದ್ದಕ್ಕೂ ಅವರು ಆಟೋದ ಹಿಂದೆ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮನೆಗೆ ಬಂದವರೇ ಕೊಟ್ಟಿಗೆಯ ಒಂದು ಮೂಲೆ ಖಾಲಿ ಮಾಡಿ, ಸೊಳ್ಳೆ ಪರದೆ ಕಟ್ಟಿ, ಅಟ್ಟದಿಂದ ಸ್ಪ್ರೇ ಡಬ್ಬಿ ಇಳಿಸಿಕೊಂಡರು. ನಾನು ನೀರಿನ ಚೊಂಬು ಹಿಡಿದು ಹತ್ತಿರ ಹೋದೆ. "ನೀನ್ ಬರ್ಬೇಡ," ಅಂದರು, ಮೆಲ್ಲಗೆ. ಅಷ್ಟೇ. ನರಳುವುದನ್ನು ನೋಡಲಾಗುವುದಿಲ್ಲ ಅಂದಿದ್ದ ಮನುಷ್ಯ ದಿನಾ ಎರಡು ಹೊತ್ತು ಆ ಗಾಯ ಬಿಚ್ಚಿ ಕಟ್ಟಿದರು. ನಾಯಿ ಕೂಗಿದಾಗ ಅವರ ಕಣ್ಣಲ್ಲೂ ನೀರು ಬರುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಹದಿನೆಂಟನೆಯ ದಿನ ಹುಳ ಬಂದವು. ನಾಯಿ ಇನ್ನೂ ಎದ್ದಿರಲಿಲ್ಲ. ಕರಾರಿನ ದಿನ ಅದು, ನಾನು ಬೆಳಗಿನಿಂದ ಗಂಡನ ಮುಖವನ್ನೇ ನೋಡುತ್ತಿದ್ದೆ. ಅವರು ಆ ಮಾತೇ ಎತ್ತಲಿಲ್ಲ. ಹುಳದ ತಟ್ಟೆ ಇಳಿಸಿಕೊಟ್ಟು ಕೊಟ್ಟಿಗೆಗೆ ಹೋದರು. ನನ್ನನ್ನು ಹುಳದ ಕೆಲಸ ಹಿಡಿದುಕೊಂಡಿತು, ಸೊಪ್ಪು ಹಾಕುವುದು, ಹುಳ ಪೊರೆ ಬಿಡಲು ಜ್ವರಕ್ಕೆ ಕೂತಾಗ ಸುಣ್ಣ ಉದುರಿಸುವುದು, ಮತ್ತೆ ಸೊಪ್ಪು. ಬಲೆಯ ಹಿಂದೆ ನಿಂತು ಕೊಟ್ಟಿಗೆಯ ಕಡೆ ನೋಡುವುದಷ್ಟೇ ನನಗೆ ಉಳಿದದ್ದು. ಪ್ರತಿ ಸಲ ಅವರು ಬಿಚ್ಚಿದ ಕಟ್ಟಿನ ಬಟ್ಟೆ ಇಲ್ಲದೆ ಬರಿಗೈಲಿ ಆಚೆ ಬಂದಾಗಲೂ, ಮುಗಿಯಿತೇನೋ ಅಂದುಕೊಳ್ಳುತ್ತಿದ್ದೆ.

ಹುಳ ಹಣ್ಣಾದವು. ಅತ್ತೆಯ ಮಾತು ಸುಳ್ಳಾಯಿತು. ಗೂಡು ಕಟ್ಟಲು ಬಿಟ್ಟ ದಿನ ಸಂಜೆ ಆಚೆ ಬಂದು ನೋಡುತ್ತೇನೆ, ಅಂಗಳದ ನಡುವೆ ನಾಯಿ ನಿಂತಿದೆ! ಮೂರು ಕಾಲು, ಬಡಕಲು ಮೈ, ಸ್ವಲ್ಪ ವಾಲಿಕೊಂಡು, ಆದರೆ ನಿಂತಿದೆ. ಬಾ ಮಗ ಅಂದೆ. ದನಿ ಗುರುತು ಹಿಡಿದು ಬಾಲ ಅಲ್ಲಾಡಿಸುತ್ತಾ ಕುಂಟುತ್ತಾ ಬಂತು. ನಾನು ಕೂತು ಎರಡೂ ಕೈ ಚಾಚಿದೆ. ಒಂದು ಮಾರು ದೂರದಲ್ಲಿ ಅದು ಗಕ್ಕನೆ ನಿಂತಿತು. ಮೂಗು ಎತ್ತಿ ನನ್ನ ಕೈಯನ್ನು ಮೂಸಿತು. ಬಾಲ ಇಳಿಯಿತು. ಹಿಂದಕ್ಕೆ ತಿರುಗುವಾಗ ಕಾಲು ಸಾಲದೆ ಬಿದ್ದು, ಮತ್ತೆ ಎದ್ದು, ಗಂಡನ ಕಾಲ ಹಿಂದೆ ಹೋಗಿ ಸೇರಿಕೊಂಡಿತು.

ಕೈಗೆ ಸೋಪು ಹಾಕಿ ತೊಳೆದೆ, ಸೀಗೆಪುಡಿ ಹಾಕಿ ಉಜ್ಜಿದೆ, ನಿಂಬೆಹಣ್ಣು ಹಿಂಡಿದೆ. ಒಂದು ದಿನ ಹೋದ ಸುಣ್ಣದ ವಾಸನೆ ಮಾರನೆಯ ದಿನ ಮತ್ತೆ ಬರುತ್ತಿತ್ತು, ಹುಳ ಸಾಕುವವಳ ಕೈಯಲ್ಲಿ ಸುಣ್ಣ ಇಲ್ಲದೆ ಹೇಗಿರುತ್ತದೆ? ಬಿಡು, ನಾಳೆ ಬರುತ್ತದೆ ಎಂದು ಗಂಡ ಎಷ್ಟೋ ಸಲ ಸಮಾಧಾನ ಹೇಳಿದರು. ಈಗ ಎರಡು ವರ್ಷವಾಯಿತು. ಅವರೂ ಹೇಳುವುದು ಬಿಟ್ಟಿದ್ದಾರೆ.

ಸಂಜೆ ಅದರ ಮುದ್ದೆಯನ್ನು ನಾನೇ ತಿರುವಿ, ಆರಿಸಿ, ತಟ್ಟೆಗೆ ಹಾಕುತ್ತೇನೆ. ಗಂಡ ತೆಗೆದುಕೊಂಡು ಹೋಗಿ ಇಡುತ್ತಾರೆ. ನಾನು ಹೊಸಿಲಲ್ಲಿ ನಿಂತಿದ್ದರೆ ನಾಯಿ ತಟ್ಟೆಯ ಮುಂದೆ ಕೂತು ನನ್ನನ್ನೇ ನೋಡುತ್ತದೆ, ತಿನ್ನುವುದಿಲ್ಲ. ನಾನು ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡ ಮೇಲೆ ಅದು ತಿನ್ನುವಾಗ ತಟ್ಟೆ ನೆಲಕ್ಕೆ ಉಜ್ಜುವ ಸದ್ದು ಕೇಳಿಸುತ್ತದೆ.