ಯಾರ ಮನೆಗೂ ಅಲ್ಲ

“ದಿನವಿಡೀ ಊರು ತಿರುಗಿದೆ, ಯಾರೂ ಏನೂ ಕೇಳಲಿಲ್ಲ ಅಣ್ಣಾ.” ವಿದೇಶಕ್ಕೆ ಹೋದ ಹೊಸತರಲ್ಲಿ ತಂಗಿ ಫೋನಿನಲ್ಲಿ ಹೀಗೇನೋ ಅಂದಿದ್ದಳು. ಇವತ್ತು ನೆನಪಾಯಿತು, ಸ್ನೇಹಿತರೇ.

ಹರಿಹರದ ಕಾರ್ಖಾನೆಯೊಂದರ ಕೆಲಸಕ್ಕೆಂದು ಪೋಲೆಂಡಿನಿಂದ ಬಂದ ಮಾರ್ತಾ ಹೋದ ವಾರವಷ್ಟೇ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿದ್ದಾಳೆ. ಇವತ್ತು ರಜೆ. ದಾವಣಗೆರೆಯನ್ನು ಒಬ್ಬಳೇ ನಡೆದು ನೋಡುತ್ತೇನೆ, ಯಾರೂ ಜೊತೆಗೆ ಬರಬೇಡಿ ಎಂದು ಹೊರಟಳು. ಸ್ವಲ್ಪ ಹೊತ್ತಿಗೇ ನಮ್ಮ ಬೀದಿಯ ರಫೀಕ್ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ.

“ಸಾರ್, ನಿಮ್ಮನೆ ಮೇಡಂ ದಾರಿ ತಪ್ಪಿದ್ರು. ಯಾರ ಮನೆಗೆ ಹೋಗ್ಬೇಕ್ರಿ ಅಂತ ಮಂಡಿಪೇಟೆ ಜನ ಎಲ್ಲಾ ಕೇಳ್ತಿದ್ರು. ಪಾಪ, ಹೇಳಾಕೆ ಬರಲ್ಲ.”

“ದಾರಿ ತಪ್ಪಿಲ್ಲಪ್ಪ, ಸುಮ್ನೆ ನಡೀತಿದ್ಲು.”

“ಯಾರ ಮನೆಗೂ ಅಲ್ಲ ಅಂದ್ರೆ ಈ ಬಿಸಿಲಾಗೆ ಯಾಕ ನಡೀಬೇಕ್ರಿ?”

ಮಾರ್ತಾ ಮತ್ತೆ ಹೊರಟಳು, ಈ ಸಲ ಹಿಂದಿನ ಓಣಿಯಿಂದ. ಸಂಜೆ ಶಾಮನೂರಿನ ಯಾರೋ ಅಕ್ಕ ಸ್ಕೂಟರಿನಲ್ಲಿ ತಂದು ಬಿಟ್ಟರು. ಕೈಯಲ್ಲಿ ಮಂಡಕ್ಕಿ ಪೊಟ್ಟಣ, ತಲೆಯಲ್ಲಿ ಮಲ್ಲಿಗೆ. “ಈ ಊರು ನನ್ನನ್ನು ಒಬ್ಬಳೇ ಇರಲು ಬಿಡುವುದಿಲ್ಲ” ಎಂದಳು ಇಂಗ್ಲಿಷಿನಲ್ಲಿ. ಅದು ದೂರೋ ಅಲ್ಲವೋ ನನಗೆ ತಿಳಿಯಲಿಲ್ಲ.

ತಂಗೀ, ಯಾರೂ ಏನೂ ಕೇಳಲಿಲ್ಲ ಅಂದೆಯಲ್ಲ, ಅವತ್ತು ನೀನು ಖುಷಿಯಲ್ಲಿದ್ದೆಯಾ?